ಹೂ ತೆಗೆದರೆ ಗಂಟಿಲ್ಲ

ಉಡುಪಿ ಜಿಲ್ಲೆಯ ಶಂಕರಪುರದ ಆಸುಪಾಸಿನಲ್ಲಿ ಹುಟ್ಟಿದ ಮಕ್ಕಳಿಗೆ ಮಗ್ಗಿಗಿಂತ ಮೊದಲೇ ಬರುವ ಲೆಕ್ಕ ಮಲ್ಲಿಗೆಯದು. 800 ಮೊಗ್ಗಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಬೆಳಿಗ್ಗೆ ಕೊಯ್ದ ಮೊಗ್ಗನ್ನು ಅರಳುವ ಮೊದಲೇ ಕಟ್ಟಿ ಹೂ ಕೊಳ್ಳುವವರ ಕಟ್ಟೆಗೆ ಮುಟ್ಟಿಸಬೇಕು. ಹಾಗಾಗಿ ನಮ್ಮ ಚಾವಡಿಯಲ್ಲಿ ಬೆಳಗಿನ ಹೊತ್ತು ಯಾರ ಕೈಯೂ ಖಾಲಿ ಇರುತ್ತಿರಲಿಲ್ಲ. ನಾನು ಏಳನೆಯ ವಯಸ್ಸಿನಲ್ಲಿ ಅಮ್ಮನ ಪಕ್ಕ ಕುಳಿತು ಕಟ್ಟಲು ಕಲಿತೆ. ಬಾಳೆನಾರನ್ನು ಒದ್ದೆ ಮಾಡಿ ತೆಳ್ಳಗೆ ಸೀಳಬೇಕು. ಮೊಗ್ಗುಗಳ ತೊಟ್ಟನ್ನು ಜೋಡಿಸಿ ಹಿಡಿಯಬೇಕು. ನಾರನ್ನು ಬೆರಳಿನ ಮೇಲೆ ಒಂದು ಸುತ್ತು ತಿರುಗಿಸಿ ಕುಣಿಕೆ ಮಾಡಿ, ಆ ಕುಣಿಕೆಯನ್ನು ತೊಟ್ಟುಗಳ ಮೇಲೆ ಜಾರಿಸಿ ಎಳೆಯಬೇಕು. ನಾರಿನ ತುದಿಯನ್ನು ಎಲ್ಲಿಯೂ ತೂರಿಸುವ ಕೆಲಸವಿಲ್ಲ, ಕೊನೆಯ ಗಂಟೊಂದನ್ನು ಬಿಟ್ಟು.

ಒಮ್ಮೆ ಬಾಡಿದ ಮಾಲೆಯೊಂದನ್ನು ಹಿಡಿದುಕೊಂಡು ಹೂಗಳನ್ನು ಒಂದೊಂದಾಗಿ ತೊಟ್ಟುಸಹಿತ ಎಳೆದು ಹಾಕುತ್ತ ಹೋದೆ. ಎಲ್ಲ ತೆಗೆದು ನಾರಿನ ಎರಡು ತುದಿ ಹಿಡಿದು ಎಳೆದರೆ ನಾರು ನೆಟ್ಟಗೆ ನಿಂತಿತು. ನೂರಾರು ಗಂಟುಗಳಲ್ಲಿ ಉಳಿದದ್ದು ಒಂದೇ, ತುದಿ ತೂರಿಸಿ ಹಾಕಿದ್ದ ಆ ಕೊನೆಯ ಗಂಟು. ಉಳಿದವೆಲ್ಲ ಎಲ್ಲಿಗೆ ಹೋದವು ಎಂದು ಅಮ್ಮನನ್ನು ಕೇಳಿದೆ. "ಹೂವಿಗೆ ಹಾಕಿದ ಗಂಟು ಹೂವಿನೊಟ್ಟಿಗೇ ಹೋಗುತ್ತದೆ" ಎಂದು ಅಮ್ಮ ತುಳುವಿನಲ್ಲಿ ಹೇಳಿ ಮುಂದಿನ ಕುಣಿಕೆ ಹಾಕಿದರು. ಅಮ್ಮನ ಮಾತು ಸರಿಯಾಗಿತ್ತು. ಅದು ಯಾಕೆ ಸರಿ ಎಂದು ಗೊತ್ತಾಗಲು ನನಗೆ ಹದಿನೈದು ವರ್ಷ ಬೇಕಾಯಿತು. ಈಗ ಗಣಿತದಲ್ಲಿ ಅಂಥದೇ ಪ್ರಶ್ನೆಗಳ ಹಿಂದೆ ಹೋಗುವುದು ನನ್ನ ಉದ್ಯೋಗ.

ಉಡುಪಿ, ಮಂಗಳೂರಿನ ಕಾಲೇಜುಗಳಲ್ಲಿ ಗಣಿತವನ್ನು ನಿಜವಾಗಿ ಪ್ರೀತಿಸುವ ಮಕ್ಕಳನ್ನು ಪ್ರತಿವರ್ಷ ನೋಡುತ್ತೇನೆ. ಗಣಿತದ ಸಂಶೋಧನೆ ಎಂಬುದೊಂದು ಜೀವನಮಾರ್ಗ ಇದೆ ಎಂದು ಅವರಿಗೆ ಹೇಳುವವರು ಕಡಿಮೆ. ನನಗೂ ಯಾರೂ ಹೇಳಿರಲಿಲ್ಲ. ಆದ್ದರಿಂದ ನಾನು ನಡೆದ ದಾರಿಯನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತಿದ್ದೇನೆ.

ಹತ್ತನೆಯ ತರಗತಿಯವರೆಗೆ ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ರೇಖಾಗಣಿತದ ಪ್ರಮೇಯ ಬರೆಯುವಾಗ ನಾಲ್ಕು ತಲೆಬರಹ ಹಾಕುತ್ತಿದ್ದೆವು: ದತ್ತ, ಸಾಧನೀಯ, ರಚನೆ, ಸಾಧನೆ. ಕೊಟ್ಟಿದ್ದೇನು, ತೋರಿಸಬೇಕಾದ್ದೇನು, ಚಿತ್ರದಲ್ಲಿ ಹೊಸದಾಗಿ ಏನು ಎಳೆಯುತ್ತೇವೆ, ಕೊನೆಗೆ ಅದು ಹೇಗೆ ಸಿದ್ಧವಾಗುತ್ತದೆ. ನನ್ನ ಜೀವ ಇದ್ದದ್ದು ರಚನೆಯಲ್ಲಿ. ಯಾರೂ ಕೇಳದ ಒಂದು ಗೆರೆ ಎಳೆದ ಕೂಡಲೇ ಮುಚ್ಚಿದ್ದ ಬಾಗಿಲು ತೆರೆದುಕೊಳ್ಳುವ ಆ ಕ್ಷಣಕ್ಕಾಗಿ ಅಭ್ಯಾಸ ಪುಸ್ತಕದ ಲೆಕ್ಕಗಳನ್ನು ಎರಡೆರಡು ಸಲ ಮಾಡುತ್ತಿದ್ದೆ. ಸಂಶೋಧನೆಗೆ ಬಂದ ಮೇಲೆ ಗೊತ್ತಾದದ್ದು ಇಷ್ಟು: ಇಲ್ಲಿ ದತ್ತವನ್ನು ಯಾರೂ ಕೊಡುವುದಿಲ್ಲ, ಸಾಧನೀಯವನ್ನು ಯಾರೂ ಬರೆದಿಡುವುದಿಲ್ಲ. ಎರಡನ್ನೂ ನಾವೇ ಹುಡುಕಿಕೊಳ್ಳಬೇಕು. ಆರು ವರ್ಷದ ಪಿಎಚ್‌ಡಿಯಲ್ಲಿ ನಾಲ್ಕು ವರ್ಷ ಹೋಗುವುದು ಅದಕ್ಕೇ.

ಪಿಯುಸಿ ಆದ ಮೇಲೆ ಸಿಇಟಿಯಲ್ಲಿ ಎಂಜಿನಿಯರಿಂಗ್ ಸೀಟು ಸಿಗುವಂತಿತ್ತು. ನಾನು ಬಿಎಸ್ಸಿ ಎಂದೆ. ಮನೆಯಲ್ಲಿ ಒಂದು ವಾರ ಮೌನ. ಕೊನೆಗೆ ಅಪ್ಪ, ಮೇಷ್ಟ್ರ ಕೆಲಸವಾದರೂ ಸಿಗಬಹುದು ಎಂದು ಒಪ್ಪಿದರು. ಉಡುಪಿಯಲ್ಲಿ ಬಿಎಸ್ಸಿ ಎರಡನೆಯ ವರ್ಷದಲ್ಲಿದ್ದಾಗ ನಮ್ಮ ಅಧ್ಯಾಪಕರೊಬ್ಬರು ಎಂಟಿಟಿಎಸ್ ಎಂಬ ಗಣಿತದ ಬೇಸಿಗೆ ಶಿಬಿರದ ಅರ್ಜಿ ತಂದುಕೊಟ್ಟರು. 1993ರಲ್ಲಿ ಪ್ರೊಫೆಸರ್ ಎಸ್. ಕುಮಾರೇಶನ್ ಅವರು ಶುರು ಮಾಡಿದ ನಾಲ್ಕು ವಾರಗಳ ತರಬೇತಿ ಅದು. ಅಲ್ಲಿ ಅಧ್ಯಾಪಕರು ಉತ್ತರ ಹೇಳುವುದಿಲ್ಲ, ಪ್ರಶ್ನೆ ಕೇಳುತ್ತಲೇ ಇರುತ್ತಾರೆ. ಮೊದಲ ವಾರ ಬೋರ್ಡಿನ ಮುಂದೆ ನಿಂತು ಎರಡು ಸಲ ಅತ್ತಿದ್ದೇನೆ. ಮೂರನೆಯ ವಾರ, ಒಂದು ವ್ಯಾಖ್ಯೆಯನ್ನು ಬಾಯಿಪಾಠ ಹೇಳುವುದಕ್ಕೂ ಅದಕ್ಕೊಂದು ಉದಾಹರಣೆ ಮತ್ತು ಅದು ತಪ್ಪುವ ಒಂದು ಉದಾಹರಣೆ ಕೊಡುವುದಕ್ಕೂ ಇರುವ ಅಂತರ ತಿಳಿಯಿತು. ಈ ಊರಿನ ಬಿಎಸ್ಸಿ ಮಕ್ಕಳು ಒಂದೇ ಒಂದು ಮಾತು ಕೇಳುವುದಾದರೆ ಇದನ್ನು ಕೇಳಲಿ: ಅಂಥ ಶಿಬಿರಕ್ಕೆ ಅರ್ಜಿ ಹಾಕಿ.

ಎಂಎಸ್ಸಿಗೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯ. ಮಂಗಳೂರಿನ ಸ್ಟೇಟ್ ಬ್ಯಾಂಕ್ ನಿಲ್ದಾಣದಿಂದ ಹೊರಟ ಬಸ್ಸು ನೇತ್ರಾವತಿ ಸೇತುವೆ ದಾಟಿ ತೊಕ್ಕೊಟ್ಟಿನಲ್ಲಿ ತಿರುಗಿ ದೇರಳಕಟ್ಟೆಯ ಏರು ಹತ್ತುವಷ್ಟರಲ್ಲಿ ಹಿಂದಿನ ದಿನದ ಪಾಠವನ್ನು ಮನಸ್ಸಿನಲ್ಲೇ ಒಮ್ಮೆ ಸಾಧಿಸಿ ನೋಡುತ್ತಿದ್ದೆ. ಟೊಪಾಲಜಿ ಮೊದಲು ಎದುರಾದದ್ದು ಅಲ್ಲಿ. ಆಕಾರವನ್ನು ಹಿಗ್ಗಿಸಿ, ಬಗ್ಗಿಸಿ, ತಿರುಚಿ, ಕತ್ತರಿಸಬೇಡಿ, ಅಂಟಿಸಬೇಡಿ. ಆಗ ಬದಲಾಗದೆ ಉಳಿಯುವುದೇನು? ಇದು ಆ ಶಾಸ್ತ್ರದ ಪ್ರಶ್ನೆ. ಗಂಟಿನ ಸಿದ್ಧಾಂತದಲ್ಲಿ ದಾರದ ಎರಡು ತುದಿಗಳನ್ನು ಸೇರಿಸಿ ಬಿಡುತ್ತಾರೆ. ತುದಿ ತೆರೆದಿದ್ದರೆ ಎಂಥ ಗಂಟನ್ನೂ ಬಿಚ್ಚಬಹುದು. ತುದಿ ಸೇರಿದ ಮೇಲೆ ಕತ್ತರಿಸದೆ ಅದನ್ನು ಸರಳ ಬಳೆಯನ್ನಾಗಿ ಮಾಡಬಹುದೇ?

ಅತ್ಯಂತ ಸಣ್ಣ ನಿಜವಾದ ಗಂಟಿಗೆ ಮೂರು ದಾಟುಗಳಿವೆ, ಅಂದರೆ ಚಿತ್ರದಲ್ಲಿ ದಾರವು ದಾರದ ಮೇಲೆ ಹಾಯುವ ಜಾಗ ಮೂರು. ಅದು ಬಿಚ್ಚುವುದಿಲ್ಲ ಎಂದು ಕೈಗೆ ಗೊತ್ತು. ಆದರೆ ಸಾಧಿಸುವುದು ಹೇಗೆ? ನೀವು ಸಾವಿರ ರೀತಿಯಲ್ಲಿ ಎಳೆದು ಸೋತಿರಬಹುದು, ಸಾವಿರದ ಒಂದನೆಯದು ಬಿಚ್ಚಿದರೆ? ಚಿತ್ರದಲ್ಲಿ ದಾರವು ಮೂರು ತುಂಡುಗಳಾಗಿ ಕಾಣುತ್ತದೆ. ಮೂರೇ ಬಣ್ಣ ಇಟ್ಟುಕೊಂಡು ತುಂಡುಗಳಿಗೆ ಬಣ್ಣ ಹಚ್ಚಿ. ನಿಯಮ ಇಷ್ಟೇ: ಪ್ರತಿ ದಾಟಿನಲ್ಲಿ ಸೇರುವ ಮೂರು ತುಂಡುಗಳು ಒಂದೇ ಬಣ್ಣದವಾಗಿರಬೇಕು ಅಥವಾ ಮೂರೂ ಬೇರೆ ಬೇರೆಯಾಗಿರಬೇಕು, ಒಟ್ಟಿನಲ್ಲಿ ಎರಡಾದರೂ ಬಣ್ಣ ಬಳಕೆಯಾಗಬೇಕು. ಗಂಟನ್ನು ಹೇಗೆ ಎಳೆದಾಡಿದರೂ ಚಿತ್ರದಲ್ಲಿ ಆಗುವುದು ಮೂರೇ ಬಗೆಯ ಬದಲಾವಣೆಗಳ ಸರಣಿ ಎಂದು ಜರ್ಮನಿಯ ಗಣಿತಜ್ಞ ರೈಡೆಮೈಸ್ಟರ್ 1927ರಲ್ಲಿ ತೋರಿಸಿದರು. ಆ ಮೂರರಲ್ಲಿ ಯಾವುದೂ ಈ ಬಣ್ಣಗಾರಿಕೆಯನ್ನು ಕೆಡಿಸುವುದಿಲ್ಲ ಎಂದು ಅರ್ಧ ಗಂಟೆಯಲ್ಲಿ ಪರೀಕ್ಷಿಸಬಹುದು. ಮೂರು ದಾಟಿನ ಗಂಟಿಗೆ ಹೀಗೆ ಬಣ್ಣ ಹಚ್ಚಲು ಬರುತ್ತದೆ. ಸರಳ ಬಳೆಗೆ ಇರುವುದು ಒಂದೇ ತುಂಡು, ಎರಡು ಬಣ್ಣ ಹಚ್ಚಲು ಆಗದು. ಆದ್ದರಿಂದ ಮೊದಲನೆಯದು ಎಂದೆಂದಿಗೂ ಎರಡನೆಯದಾಗಲಾರದು. ಕೋಟಿ ಪ್ರಯತ್ನಗಳು ಸೋಲುತ್ತವೆ ಎಂಬುದನ್ನು ಒಂದೂ ಪ್ರಯತ್ನ ಮಾಡದೆ ತಿಳಿಯಬಹುದು. ಈ ಸಾಧನೆಯನ್ನು ಓದಿದ ರಾತ್ರಿ ಹಾಸ್ಟೆಲಿನಲ್ಲಿ ನಿದ್ದೆ ಬರಲಿಲ್ಲ. ನನ್ನ ದಾರಿ ನಿರ್ಧಾರವಾದದ್ದು ಆ ರಾತ್ರಿ.

ಅಮ್ಮನ ಹೂಮಾಲೆಯ ಉತ್ತರವೂ ಅಲ್ಲೇ ಸಿಕ್ಕಿತು. ತುದಿ ತೂರಿಸದೆ ಹಾಕಿದ ಕುಣಿಕೆ ದಾರದ ಗಂಟಲ್ಲ. ದಾರ ಮತ್ತು ತೊಟ್ಟು ಸೇರಿ ಆದ ಹೆಣಿಕೆ ಅದು. ದಾರವನ್ನು ನೋಡುವ ಬದಲು ದಾರ ಬಿಟ್ಟು ಉಳಿದ ಜಾಗವನ್ನು ನೋಡು ಎನ್ನುವುದು ಈ ಶಾಸ್ತ್ರದ ದೊಡ್ಡ ಉಪಾಯ. ಅಮೆರಿಕದ ಗಣಿತಜ್ಞ ವಿಲಿಯಂ ಥರ್ಸ್ಟನ್ ಅವರು ತೋರಿಸಿದಂತೆ, ಎರಡು ವಿಶೇಷ ಬಗೆಗಳನ್ನು ಬಿಟ್ಟರೆ ಎಲ್ಲ ಗಂಟುಗಳ ಹೊರಗಿನ ಜಾಗಕ್ಕೂ ತನ್ನದೇ ಆದ ಒಂದು ಅತಿಪರವಲಯ (ಹೈಪರ್ಬೋಲಿಕ್) ಜ್ಯಾಮಿತಿ, ಅಂದರೆ ಬಾಗಿದ ಜಾಗದ ಅಳತೆಯ ಕ್ರಮ, ಇದೆ. ನಾಲ್ಕು ದಾಟಿನ ಗಂಟಿನ ಹೊರಜಾಗದ ಘನಫಲ ಸುಮಾರು 2.0298. ಎಳೆದಾಡಿದರೆ ಬದಲಾಗುವ ಮೆತ್ತಗಿನ ದಾರಕ್ಕೆ ಬದಲಾಗದ ಒಂದು ಘನಫಲ! ಜ್ಯಾಮಿತಿ ಮತ್ತು ಟೊಪಾಲಜಿ ಎರಡು ಹೆಸರನ್ನು ಒಟ್ಟಿಗೆ ಹೇಳುವುದು ಇದಕ್ಕೇ.

ಪಿಎಚ್‌ಡಿಗೆ ಮುಂಬೈಗೆ ಹೋದೆ. ನೆಟ್ ಮತ್ತು ಸಂಸ್ಥೆಯ ಪ್ರವೇಶ ಪರೀಕ್ಷೆ, ಆಮೇಲೆ ಬೋರ್ಡಿನ ಮುಂದೆ ಒಂದೂವರೆ ಗಂಟೆಯ ಸಂದರ್ಶನ. ದೊಡ್ಡಪ್ಪ ಹೋಟೆಲ್ ಕೆಲಸಕ್ಕೆ ಹೋದ ಊರಿಗೆ ನಾನು ಟೊಪಾಲಜಿ ಕಲಿಯಲು ಮತ್ಸ್ಯಗಂಧ ರೈಲು ಹತ್ತಿದೆ. ಉಡುಪಿಯ ಇಂದ್ರಾಳಿ ನಿಲ್ದಾಣದಲ್ಲಿ ಅಮ್ಮ ಕೈಗೆ ಕೊಟ್ಟ ಚೆಂಡು ಹೂ ಪನ್ವೇಲ್ ತಲುಪುವಾಗಲೂ ಘಮಘಮಿಸುತ್ತಿತ್ತು. ಹಣದ ವಿಚಾರ ಎಲ್ಲರೂ ಕೇಳುತ್ತಾರೆ, ಹೇಳಿಬಿಡುತ್ತೇನೆ: ಈಗ ಕಿರಿಯ ಸಂಶೋಧನಾ ಫೆಲೋಶಿಪ್ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ನನ್ನ ಕಾಲದಲ್ಲಿ ಇದರ ಅರ್ಧವೂ ಇರಲಿಲ್ಲ, ಆದರೂ ಮನೆಗೆ ಸ್ವಲ್ಪ ಕಳಿಸುತ್ತಿದ್ದೆ. ಗಣಿತದ ಸಂಶೋಧನೆಗೆ ಮನೆ ಮಾರಬೇಕಾಗಿಲ್ಲ.

ಮೊದಲ ಎರಡು ವರ್ಷ ಕೋರ್ಸುಗಳು. ಮೂರನೆಯ ವರ್ಷ ನನ್ನ ಮಾರ್ಗದರ್ಶಕರು ಒಂದು ಪ್ರಶ್ನೆಯನ್ನು ತೋರಿಸಿದರು. ಗಂಟನ್ನು ಕತ್ತರಿಸದೆ ಬಿಚ್ಚಲಾಗದಿದ್ದರೆ, ಒಂದು ದಾಟಿನಲ್ಲಿ ಮೇಲಿನ ಎಳೆಯನ್ನು ಕೆಳಗೆ ಹಾಯಿಸಲು ಅನುಮತಿ ಕೊಡಿ. ಹೀಗೆ ಕನಿಷ್ಠ ಎಷ್ಟು ಸಲ ಮಾಡಿದರೆ ಬಿಚ್ಚುತ್ತದೆ? ಅದು ಬಿಡಿಸುವ ಸಂಖ್ಯೆ. ಎರಡು ಗಂಟುಗಳನ್ನು ಒಂದೇ ದಾರದಲ್ಲಿ ಒಂದರ ಪಕ್ಕ ಒಂದು ಹಾಕಿದರೆ ಅವುಗಳ ಬಿಡಿಸುವ ಸಂಖ್ಯೆಗಳು ಕೂಡುತ್ತವೆಯೇ? ಕೂಡುತ್ತವೆ ಎಂದು ಬಹಳ ಜನ ನಂಬಿದ್ದರು. ಆದರೆ ಸಾಧನೆ ಇರಲಿಲ್ಲ. ಹಾಗೆ ಸೇರಿಸಿದ ಗಂಟು ಒಂದೇ ದಾಟಿನಲ್ಲಿ ಬಿಚ್ಚುವುದಿಲ್ಲ ಎಂಬಷ್ಟನ್ನು ಮಾರ್ಟಿನ್ ಶಾರ್ಲ್‌ಮನ್ 1985ರಲ್ಲಿ ತೋರಿಸಿದ್ದರು. ಕೆಲವು ಷರತ್ತುಗಳಿಗೆ ಒಳಪಟ್ಟ ಒಂದು ವರ್ಗದ ಗಂಟುಗಳಿಗೆ ಸಂಖ್ಯೆಗಳು ಕೂಡುತ್ತವೆ ಎಂದು ತೋರಿಸುವುದು ನನ್ನ ಪಾಲಿಗೆ ಬಂದ ಸಣ್ಣ ಗದ್ದೆ.

ಸಾಧನೆಯ ಮುಖ್ಯ ಹೆಜ್ಜೆಯನ್ನು ಹೇಳುತ್ತೇನೆ, ನಮ್ಮ ದಿನಗಳು ಹೇಗಿರುತ್ತವೆ ಎಂದು ಅದರಿಂದ ಗೊತ್ತಾಗುತ್ತದೆ. ಎರಡು ಗಂಟುಗಳನ್ನು ಬೇರ್ಪಡಿಸುವ ಒಂದು ಗೋಲ ಇದೆ, ದಾರ ಅದನ್ನು ಎರಡೇ ಕಡೆ ಚುಚ್ಚಿ ಹೋಗುತ್ತದೆ. ನಮಗೆ ಬೇಕಾದ ಇನ್ನೊಂದು ಮೇಲ್ಮೈ ಈ ಗೋಲವನ್ನು ಹಲವು ವೃತ್ತಗಳಲ್ಲಿ ಕತ್ತರಿಸುತ್ತದೆ. ಆ ವೃತ್ತಗಳಲ್ಲಿ ಅತ್ಯಂತ ಒಳಗಿನದನ್ನು ಹಿಡಿಯಿರಿ. ಅದರೊಳಗೆ ಬೇರೆ ವೃತ್ತವಿಲ್ಲ, ಬರಿಯ ಒಂದು ಬಿಲ್ಲೆ. ಆ ಬಿಲ್ಲೆಯ ಉದ್ದಕ್ಕೂ ಮೇಲ್ಮೈಯನ್ನು ಕತ್ತರಿಸಿ ಸ್ವಲ್ಪ ಸರಿಸಿದರೆ ವೃತ್ತ ಮಾಯ. ಒಂದು ಕಡಿಮೆಯಾಯಿತು. ಹೀಗೆ ಎಲ್ಲವನ್ನೂ ಕಳೆಯುತ್ತ ಹೋಗಬೇಕು. ಹೂಮಾಲೆಯಿಂದ ಹೂ ಎಳೆದ ಹಾಗೆಯೇ. ನಾನು ಎರಡು ವರ್ಷ ಈ ವೃತ್ತಗಳನ್ನು ಬಿಡಿಸಿದ್ದೇನೆ. ಎಷ್ಟೋ ತಿಂಗಳು ಒಂದೂ ಹೊಸ ಸಾಲು ಹುಟ್ಟಲಿಲ್ಲ. ಊರಿನಿಂದ ಫೋನು ಬಂದಾಗ "ಎಷ್ಟಾಯಿತು?" ಎಂದು ಕೇಳಿದರೆ ಹೇಳಲು ಏನೂ ಇರುತ್ತಿರಲಿಲ್ಲ. ಮದುವೆಯ ಮಾತೂ ಅದೇ ಫೋನಿನಲ್ಲಿ ಬರುತ್ತಿತ್ತು.

ಮಧ್ಯದಲ್ಲಿ 2010ರ ಆಗಸ್ಟ್ ಬಂತು. ವಿಶ್ವ ಗಣಿತಜ್ಞರ ಮಹಾಸಮ್ಮೇಳನ ಮೊದಲ ಬಾರಿಗೆ ಭಾರತಕ್ಕೆ, ಹೈದರಾಬಾದಿಗೆ ಬಂದಿತ್ತು. ಗಣಿತದ ಅತಿದೊಡ್ಡ ಗೌರವಗಳಲ್ಲೊಂದಾದ ಫೀಲ್ಡ್ಸ್ ಪದಕ ಪಡೆದ ನಾಲ್ವರನ್ನು ದೂರದಿಂದ ನೋಡಿದೆ. ವಿಶ್ವನಾಥನ್ ಆನಂದ್ ಒಂದೇ ಸಲಕ್ಕೆ ನಲವತ್ತು ಜನರೊಡನೆ ಚೆಸ್ ಆಡಿದರು. ನನಗೆ ಹೆಚ್ಚು ನೆನಪಿರುವುದು ಕಾಫಿ ಸಾಲಿನಲ್ಲಿ ನಡೆದ ಮಾತು. ನಾನು ಲೇಖನಗಳಲ್ಲಿ ಮಾತ್ರ ಹೆಸರು ನೋಡಿದ್ದ ಹಿರಿಯರೊಬ್ಬರು ಪೇಪರ್ ಕರವಸ್ತ್ರದ ಮೇಲೆ ಗಂಟು ಬರೆದು, ತನಗೂ ಇದು ಮೂರು ವರ್ಷದಿಂದ ತಿಳಿಯುತ್ತಿಲ್ಲ ಎಂದರು. ಅಷ್ಟು ದೊಡ್ಡವರಿಗೂ ತಿಳಿಯದೆ ಇರಬಹುದು, ಮತ್ತು ಅದನ್ನು ಅವರು ನನ್ನಂಥವಳ ಮುಂದೆ ಹೇಳಬಹುದು ಎಂಬುದು ನನಗೆ ಎರಡು ವರ್ಷಕ್ಕೆ ಸಾಕಾಗುವಷ್ಟು ಧೈರ್ಯ ಕೊಟ್ಟಿತು.

ಪ್ರಬಂಧ ಮುಗಿಯಿತು, ಲೇಖನವನ್ನು ಸಂಶೋಧನಾ ಪತ್ರಿಕೆಗೆ ಕಳಿಸಿದೆ. ಹದಿನಾಲ್ಕು ತಿಂಗಳ ನಂತರ ಪರಿಶೀಲಕರ ವರದಿ ಬಂತು. ಎರಡನೆಯ ಪುಟದ ಮೂರನೆಯ ಪ್ಯಾರಾದಲ್ಲಿ ಒಂದು ಸಾಲು: ಒಂದು ಪ್ರಕರಣದಲ್ಲಿ ದಾಟನ್ನು ಗುರುತಿಸುವ ಚಾಪವು ಆ ಒಳಗಿನ ಬಿಲ್ಲೆಯನ್ನೇ ಚುಚ್ಚಿಕೊಂಡು ಹೋಗಬಹುದಲ್ಲವೇ? ಓದಿದ ಕ್ಷಣಕ್ಕೇ ಅವರು ಹೇಳಿದ್ದು ನಿಜ ಎಂದು ತಿಳಿಯಿತು. ನಾನು ಬರೆದ ಚಿತ್ರಗಳಲ್ಲೆಲ್ಲ ಚಾಪ ಪಕ್ಕದಲ್ಲಿ ಹಾಯುತ್ತಿತ್ತು, ಹಾಗಾಗಿ ಹಾಗೆಯೇ ಆಗುತ್ತದೆ ಎಂದುಕೊಂಡಿದ್ದೆ. ಚಿತ್ರ ನಮ್ಮ ಶಾಸ್ತ್ರದ ಜೀವಾಳ, ಆದರೆ ಚಿತ್ರ ಬರೆದವರಿಗೆ ಬೇಕಾದ್ದನ್ನೇ ಅದು ತೋರಿಸುತ್ತದೆ. ಇಂಥ ತಪ್ಪು ನನಗೊಬ್ಬಳಿಗೆ ಆದದ್ದಲ್ಲ. ಹತ್ತು ದಾಟಿನ ಗಂಟುಗಳ ಪಟ್ಟಿಯಲ್ಲಿ ಬೇರೆ ಬೇರೆ ಎಂದು ದಶಕಗಟ್ಟಲೆ ಅಚ್ಚಾಗುತ್ತಿದ್ದ ಎರಡು ಗಂಟುಗಳು ಒಂದೇ ಎಂದು ಕೆನ್ನೆತ್ ಪರ್ಕೊ ಎಂಬವರು 1974ರಲ್ಲಿ ಪ್ರಕಟಿಸಿದರು. ಅವರು ವೃತ್ತಿಯಲ್ಲಿ ವಕೀಲರು. ನನ್ನ ರಂಧ್ರ ಮುಚ್ಚಲು ಏಳು ತಿಂಗಳು ಹಿಡಿಯಿತು. ಷರತ್ತೊಂದನ್ನು ಬಿಗಿಮಾಡಬೇಕಾಯಿತು, ಪ್ರಮೇಯ ಸಣ್ಣದಾಯಿತು, ಸತ್ಯವಾಯಿತು. ಆ ಪರಿಶೀಲಕರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಸಂಬಳವಿಲ್ಲದೆ, ಹೆಸರಿಲ್ಲದೆ, ನನ್ನ ನಲವತ್ತು ಪುಟಗಳನ್ನು ನನಗಿಂತ ಎಚ್ಚರದಿಂದ ಓದಿದ ಆ ವ್ಯಕ್ತಿಗೆ ನಾನು ಋಣಿ. ಈಗ ನನ್ನ ಬಳಿಗೆ ಪರಿಶೀಲನೆಗೆ ಬರುವ ಲೇಖನಗಳನ್ನು ಅದೇ ನೆನಪಿನಲ್ಲಿ ಓದುತ್ತೇನೆ.

ಪಿಎಚ್‌ಡಿಯ ನಂತರ ಪೋಸ್ಟ್‌ಡಾಕ್. ಅಂದರೆ ಕೆಲವು ವರ್ಷಗಳ ತಾತ್ಕಾಲಿಕ ಸಂಶೋಧನಾ ಕೆಲಸ. ಅರವತ್ತಕ್ಕೂ ಹೆಚ್ಚು ಅರ್ಜಿ, ಎರಡು ಉತ್ತರ. ಯುರೋಪಿನಲ್ಲಿ ನಾಲ್ಕು ವರ್ಷ, ಎರಡು ಊರುಗಳಲ್ಲಿ. ಚಳಿ, ಒಂಟಿತನ, ಒಳ್ಳೆಯ ಸೆಮಿನಾರುಗಳು. ಟ್ರಿಯೆಸ್ಟ್‌ನಲ್ಲಿ ಅಬ್ದುಸ್ ಸಲಾಂ 1964ರಲ್ಲಿ ಕಟ್ಟಿದ ಕೇಂದ್ರದಲ್ಲಿ ಒಂದು ಬೇಸಿಗೆ ಶಾಲೆಗೆ ಹೋಗಿದ್ದೆ. ನೈಜೀರಿಯಾ, ವಿಯೆಟ್ನಾಂ, ಪೆರು ಕಡೆಯ ನನ್ನಂಥವರೇ ಸುತ್ತ ಇದ್ದರು, ಎದುರಿಗೆ ಸಮುದ್ರ. ಅಲ್ಲಿ ಕುಳಿತಾಗ ಮಲ್ಪೆ ನೆನಪಾಗಿ, ಇನ್ನು ಊರಿಗೆ ಹೋಗುವುದೆಂದು ನಿಶ್ಚಯಿಸಿದೆ.

ಊರಿಗೆ ಬಂದ ಮೇಲಿನ ಒಂದು ಸಂದರ್ಶನ ಮರೆಯಲು ಆಗಿಲ್ಲ. ಸಮಿತಿಯ ಒಬ್ಬರು ನನ್ನ ಪಟ್ಟಿ ನೋಡಿ "ಇಷ್ಟು ವರ್ಷಕ್ಕೆ ಮೂರೇ ಲೇಖನವೇ? ಬೇರೆ ವಿಭಾಗದವರು ವರ್ಷಕ್ಕೆ ಆರು ಬರೆಯುತ್ತಾರೆ" ಎಂದರು. ಲೇಖನಗಳನ್ನು ಯಾರೂ ತೆರೆದು ನೋಡಲಿಲ್ಲ. ಟೊಪಾಲಜಿಯಲ್ಲಿ ಒಂದು ಲೇಖನ ಎರಡು ಮೂರು ವರ್ಷದ ಬದುಕು. ಬರೀ ಎಣಿಕೆಯಿಂದ ಆಳುವುದಾದರೆ, ಮಕ್ಕಳು ನಿಧಾನವಾಗಿ ಯೋಚಿಸಬೇಕಾದ ಪ್ರಶ್ನೆಗಳನ್ನು ಬಿಟ್ಟು ಬೇಗ ಅಚ್ಚಾಗುವ ಪ್ರಶ್ನೆಗಳನ್ನು ಹಿಡಿಯುತ್ತಾರೆ. ಇದರ ಬಗ್ಗೆ ನನಗೆ ಇರುವುದು ಸಿಟ್ಟಿಗಿಂತ ಹೆಚ್ಚಾಗಿ ನೋವು. ಮುಂದಿನ ವರ್ಷ ಇನ್ನೊಂದು ಕಡೆ ಕೆಲಸ ಸಿಕ್ಕಿತು, ಅಲ್ಲೇ ಇದ್ದೇನೆ. ವಾರಕ್ಕೆ 16 ಗಂಟೆ ಪಾಠ, ಜೊತೆಗೆ ಮೌಲ್ಯಮಾಪನ, ಸಭೆ. ಸಂಶೋಧನೆ ನಡೆಯುವುದು ಬೆಳಿಗ್ಗೆ ಐದರಿಂದ ಏಳೂವರೆಯವರೆಗೆ, ಅಮ್ಮ ಹೂ ಕೊಯ್ಯುವ ಹೊತ್ತಿನಲ್ಲಿ.

ದೊಡ್ಡ ಊರಿನಿಂದ ದೂರ ಇದ್ದು ಸಂಶೋಧನೆ ಸಾಧ್ಯವೇ ಎಂದು ಕೇಳುವವರಿಗೆ ಹೇಳುತ್ತೇನೆ. ಫ್ರಾನ್ಸಿನ ಪಾಯಿಂಕರೆ 1904ರಲ್ಲಿ ಎತ್ತಿದ ಟೊಪಾಲಜಿಯ ಪ್ರಸಿದ್ಧ ಪ್ರಶ್ನೆಗೆ ರಷ್ಯಾದ ಪೆರೆಲ್ಮನ್ ಉತ್ತರ ಕೊಟ್ಟಾಗ ಅದನ್ನು ಯಾವ ಪತ್ರಿಕೆಗೂ ಕಳಿಸಲಿಲ್ಲ. 2002 ಮತ್ತು 2003ರಲ್ಲಿ ಮೂರು ಕಡತಗಳನ್ನು, ಲೇಖನಗಳನ್ನು ಯಾರು ಬೇಕಾದರೂ ಉಚಿತವಾಗಿ ಓದುವಂತೆ ಇಡುವ ಜಾಲತಾಣವಾದ ಆರ್ಕೈವ್‌ಗೆ ಹಾಕಿದರು, ಅಷ್ಟೇ. ಪ್ರಿನ್ಸ್‌ಟನ್ನಿನವರು ಓದುವ ಅದೇ ಕಡತ ಕಾಪುವಿನ ಬಸ್ಸಿನಲ್ಲಿ ನಿಮ್ಮ ಮೊಬೈಲಿನಲ್ಲಿ ತೆರೆಯುತ್ತದೆ. ಗಂಟಿನ ಹೊರಜಾಗದ ಘನಫಲ ಕಂಡುಹಿಡಿಯುವ ಸ್ನ್ಯಾಪ್‌ಪೈ ಎಂಬ ತಂತ್ರಾಂಶ ಉಚಿತ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಇಲ್ಲಿ ಇಲ್ಲದ್ದು ಪಕ್ಕದ ಕೋಣೆಗೆ ಹೋಗಿ ಬಾಗಿಲು ತಟ್ಟಿ ಕೇಳುವ ಸೌಕರ್ಯ. ಅದನ್ನು ಕಟ್ಟಿಕೊಳ್ಳಬೇಕು. ನಾನು ಅಪರಿಚಿತರಿಗೆ ಮಿಂಚಂಚೆ ಬರೆಯುತ್ತೇನೆ. ಪ್ರಶ್ನೆ ಸ್ಪಷ್ಟವಾಗಿದ್ದರೆ ಹತ್ತರಲ್ಲಿ ಏಳು ಜನ ಉತ್ತರಿಸಿದ್ದಾರೆ.

2025ರ ಜುಲೈ ಮೊದಲ ವಾರ, ಹೊರಗೆ ಮಳೆ ಸುರಿಯುತ್ತಿತ್ತು. ಬೆಳಗಿನ ಕಾಫಿಯ ಜೊತೆ ಆರ್ಕೈವ್ ತೆರೆದರೆ ಅಮೆರಿಕದ ಮಾರ್ಕ್ ಬ್ರಿಟನ್‌ಹ್ಯಾಂ ಮತ್ತು ಸುಸಾನ್ ಹರ್ಮಿಲ್ಲರ್ ಅವರ ಲೇಖನ: ಬಿಡಿಸುವ ಸಂಖ್ಯೆಗಳು ಕೂಡುವುದಿಲ್ಲ. ಏಳು ದಾಟಿನ ಒಂದು ಸರಳ ಗಂಟು, ಪಕ್ಕದಲ್ಲಿ ಅದರದೇ ಕನ್ನಡಿ ಬಿಂಬ. ಒಂದೊಂದಕ್ಕೂ ಮೂರು ಬೇಕು, ಒಟ್ಟು ಆರಾಗಬೇಕಿತ್ತು. ಐದು ಸಾಕು ಎಂದು ಕಂಪ್ಯೂಟರಿನ ದೀರ್ಘ ಹುಡುಕಾಟದಿಂದ ಅವರು ತೋರಿಸಿದ್ದರು. ಹದಿನೈದು ವರ್ಷ ನಾನು ನಂಬಿದ್ದು ಸುಳ್ಳು. ಕೈ ನಡುಗಿತು. ಮೊದಲು ಮಾಡಿದ ಕೆಲಸ, ನನ್ನ ಹಳೆಯ ಲೇಖನ ತೆಗೆದು ಷರತ್ತುಗಳನ್ನು ಒಂದೊಂದಾಗಿ ಓದಿದ್ದು. ಪರಿಶೀಲಕರ ಒತ್ತಾಯಕ್ಕೆ ಬಿಗಿಮಾಡಿದ್ದ ಆ ಷರತ್ತು ಈ ಗಂಟನ್ನು ಹೊರಗಿಡುತ್ತಿತ್ತು. ನನ್ನ ಸಣ್ಣ ಪ್ರಮೇಯ ನಿಂತಿತ್ತು. ಅಂದು ನಾನು ಹಟ ಹಿಡಿದಿದ್ದರೆ ಬಿದ್ದುಹೋಗುತ್ತಿತ್ತು.

ಆ ವಾರದಿಂದ ನನ್ನ ಕೋಣೆಯ ಗೋಡೆಯ ಮೊಳೆಯಲ್ಲಿ ದಪ್ಪ ಹಗ್ಗವೊಂದು ತೂಗುತ್ತಿದೆ. ಎಂಎಸ್ಸಿ ಓದುವ ವಿದ್ಯಾರ್ಥಿನಿಯೊಬ್ಬಳು ಅದರಲ್ಲಿ ಏಳು ದಾಟಿನ ಗಂಟನ್ನೂ ಅದರ ಬಿಂಬವನ್ನೂ ಹಾಕಿ, ತುದಿ ಸೇರಿಸಿ ಹೊಲಿದಿದ್ದಾಳೆ. ದಾಟು ಬದಲಿಸಬೇಕಾದ ಜಾಗಗಳಿಗೆ ಕೆಂಪು ನೂಲು ಕಟ್ಟಿದ್ದಾಳೆ. ಲೇಖನದಲ್ಲಿ ದಾರಿ ಇದೆ, ಆದರೆ ಗಂಟನ್ನು ಮೊದಲು ಬಹಳ ಗೋಜಲು ಮಾಡಿಕೊಂಡೇ ಬಿಡಿಸಬೇಕು. ಅಷ್ಟು ಉದ್ದದ ಹಗ್ಗ ನಮ್ಮ ಬಳಿ ಇಲ್ಲ. ಶನಿವಾರ ಮಲ್ಪೆ ಬಂದರಿನ ಹತ್ತಿರದ ಅಂಗಡಿಯಿಂದ ಇಪ್ಪತ್ತು ಮೀಟರ್ ತರುತ್ತೇನೆಂದು ಹೇಳಿ ಹೋಗಿದ್ದಾಳೆ.